ನಮ್ಮವರು

"ಗಂಡ ಹೆಂಡ್ತಿ ಸೇರ್ಕೊಂಡು ಶೆಡ್ಡಿಗೆ ಬೆಂಕಿ ಇಕ್ಬಿಟ್ಟು, ಈಗ ಇನ್ಶೂರೆನ್ಸ್ ಬೇಕು ಅಂತ ಬಂದಿದೀಯೇನಮ್ಮ? ನಾಚ್ಕೆ ಆಗಲ್ವಾ?"

ಇನ್ಶೂರೆನ್ಸ್ ಆಫೀಸಿನ ಶ್ಯಾಮಣ್ಣನ ಮಾತು ಕ್ಯೂನಲ್ಲಿದ್ದವರಿಗೆಲ್ಲ ಕೇಳಿಸಿತು. ಚನ್ನಬಸಮ್ಮಕ್ಕನ ಕಾಲ ಬಳಿ ಗೋಣಿಚೀಲ, ಅದರೊಳಗೆ ಸುಟ್ಟ ಹೊಲಿಗೆ ಮಿಷನ್ನಿನ ತಲೆ. ಪೀಣ್ಯದಿಂದ ಅದನ್ನು ನಾವಿಬ್ಬರೂ ಬಸ್ಸಿನಲ್ಲಿ ಹೊತ್ತು ತಂದಿದ್ದೆವು. ನಾನು ಅವಳ ಶೆಡ್ಡಿನಲ್ಲಿ ಬ್ಲೌಸುಗಳಿಗೆ ಮುತ್ತು ಕೂರಿಸುತ್ತಿದ್ದವಳು.

"ನಾ ಹಚ್ಚಿಲ್ರೀ ಸಾಹೇಬ್ರ. ಬ್ಲೌಸ್ ಕೊಡಾಕ ಮಲ್ಲೇಶ್ವರಕ್ಕ ಹೋಗಿದ್ನಿ. ಮಿಷನ್ ನಾ ದುಡದು ತಗೊಂಡಾವ್ರೀ. ಪಾಲಿಸಿಯೊಳಗ ನನ್ನ ಹೆಸರೂ ಐತಿ. ಆ ರೊಕ್ಕ ಬರಲಿಲ್ಲಂದ್ರ ನಾ ಬೀದಿಗಿ ಬಿದ್ದೆ."

"ಸುಟ್ಟ ಶೆಡ್ ಮುಂದೆ ನಿಂತ್ಕೊಂಡು ನೀನೇ ಹೇಳಿದ್ದಲ್ವಾ, 'ನಮ್ಮವರೇ ಹಚ್ಚಿದ್ದು' ಅಂತ? ಬರ್ಕೊಂಡಿದೀನಿ ನೋಡು. ನಮ್ಮವರು ಅಂದ್ರೆ ನೀನೂ ಸೇರಿದಂಗೇ ಆಯ್ತು."

"ನಮ್ಮವರು ಅಂದ್ರ ನಮ್ಮ ಮನಿಯವರ್ರೀ!"

ಅವನಿಗೆ ಗೊತ್ತಿರಲಿಲ್ಲವೇ? ಅವನ ಹೆಂಡತಿಯೂ ಅವನನ್ನು ಹಾಗೇ ಕರೆಯುತ್ತಿರಬೇಕು.

"ಹೆಸರು ಹೇಳು ಹಂಗಾದ್ರೆ."

ಅಕ್ಕ ತಲೆ ತಗ್ಗಿಸಿದಳು. ಹೆಂಡತಿಯ ಬಾಯಲ್ಲಿ ಹೆಸರು ಬಂದರೆ ಗಂಡನ ಆಯುಸ್ಸಿನ ದೀಪದಲ್ಲಿ ಒಂದು ತೊಟ್ಟು ಎಣ್ಣೆ ಆರುತ್ತದಂತೆ. ನನ್ನಜ್ಜಿಯ ಕಥೆಗಳಲ್ಲೂ ರಾಣಿಯರು ಹೆಸರು ನುಂಗಿಕೊಂಡೇ ಕಾಡು ಸೇರುತ್ತಿದ್ದರು. ಅಕ್ಕನಂತೂ ಮುತ್ತಿಗೂ ಮುತ್ತು ಎನ್ನುತ್ತಿರಲಿಲ್ಲ. "ಏ ಹುಡುಗಿ, ಆ ಬಿಳೀ ಮಣಿ ಕೊಡವಾ" ಎನ್ನುತ್ತಿದ್ದಳು.

"ಹಳೇ ಮಿಷನ್ ಸುಟ್ರ ಹೊಸಾವು ಬರ್ತಾವ, ಕರೆಂಟಿಂದ ಆತು ಅಂತ ಹೇಳು ಅಂದ್ರು," ಅವಳ ದನಿ ಕುಸಿಯಿತು. "ನಾ ಒಲ್ಲೆ ಅಂದೆ. ಓಡಿ ಹೋದ್ರು. ಖರೇ ಹೇಳಿದ್ದ ತಪ್ಪಾತೇನ್ರೀ?"

"ಹೆಸರು ಕೇಳಿದ್ರೆ ಪುರಾಣ ಹೇಳ್ತಾಳೆ. ಏನಮ್ಮಾ, ಬಾಯಿಗೂ ಹೊಲಿಗೆ ಹಾಕ್ಕೊಂಡಿದೀಯಾ?"

ಕ್ಯೂನಲ್ಲಿ ಯಾರೋ ನಕ್ಕರು. ಅಕ್ಕನ ಕೈ ತಾಳಿಯವರೆಗೆ ಹೋಗಿ ಹಿಂದೆ ಬಂತು.

"ಮುತ್ತಣ್ಣ."

ಮೊದಲ ಸಲ ಅದು ಉಸಿರಿನಂತೆ ಬಂತು. ಆಮೇಲೆ ಆಫೀಸೆಲ್ಲ ತಿರುಗಿ ನೋಡುವಂತೆ ಕೂಗಿದಳು.

"ಮುತ್ತಣ್ಣ! ಆ ಹಾಟ್ಯಾ ಮುತ್ತಣ್ಣ ಹಚ್ಚಿದ! ಅವ ಇರ್ಲಿ, ಸಾಯ್ಲಿ. ನಾ ಚನ್ನಬಸಮ್ಮ. ಅವ ಬ್ಯಾರೆ, ನಾ ಬ್ಯಾರೆ. ಬರ್ಕೋರಿ!"

ಶ್ಯಾಮಣ್ಣ ಪೆನ್ನು ಮುಚ್ಚಿದ. "ಬರ್ದಿದ್ದು ಬರ್ದಾಯ್ತು. ಗಂಡ ಹಚ್ಚಿದ್ರೂ ಒಂದೇ, ಹೆಂಡ್ತಿ ಹಚ್ಚಿದ್ರೂ ಒಂದೇ. ಫೈಲ್ ಕ್ಲೋಸ್. ಏಯ್ ಸೆಕ್ಯುರಿಟಿ, ಎತ್ತಾಕ್ರೋ ಇವಳ್ನ!"

ಅಕ್ಕ ಗೋಣಿಚೀಲ ಎತ್ತಿ ಮೇಜಿನ ಮೇಲೆ ಕೊಡವಿದಳು. ಮಿಷನ್ ದಡ್ಡನೆ ಬಿತ್ತು. ಮಸಿ ಹಾರಿ ಶ್ಯಾಮಣ್ಣನ ಬಿಳಿ ಅಂಗಿಯ ಮೇಲೆ ಕೂತಿತು. ಅವನು ಬರೆದಿದ್ದ ಹಾಳೆಯನ್ನು ಅಕ್ಕ ಸೆಳೆದು ಸೂಜಿಯ ಕೆಳಗಿಟ್ಟು, ಜಡ್ಡುಗಟ್ಟಿದ ಚಕ್ರಕ್ಕೆ ಎರಡೂ ಕೈ ಹಾಕಿದಳು. ಅದು ಗರಗರ ನರಳಿ ತಿರುಗಿತು. ಸೂಜಿ ಇಳಿದು ಹಾಳೆಯಲ್ಲಿ ನಾಟಿತು.

"ಈಗ ಮಾಡ್ರಿ ಕ್ಲೋಸ್."

ಸೆಕ್ಯುರಿಟಿಯವನು ಅವಳ ರಟ್ಟೆ ಹಿಡಿದೆಳೆದ. ಶ್ಯಾಮಣ್ಣ ಹಾಳೆಯನ್ನು ಎಳೆದ. ಅಕ್ಕ ಚಕ್ರ ಬಿಡಲಿಲ್ಲ. ಅವಳ ಬೆರಳುಗಳು ಬೆಳ್ಳಗಾಗಿದ್ದವು.

ನಾನೂ ಹೋಗಿ ಚಕ್ರ ಹಿಡಿದೆ.