ಒಂಬತ್ತು ಸರಪಳಿಯ ಓಟ

ಘಟನೆಗಳ ಕ್ರಮ ಹೀಗಿದೆ. 1956ರ ಜನವರಿಯಲ್ಲಿ ನೀಲಗಂಗವ್ವ ಶಿರಸಿಯ ನಮ್ಮ ಶಾಲೆಯ ಮೈದಾನದಲ್ಲಿ ನೂರು ಗಜವನ್ನು 11.2 ಸೆಕೆಂಡಿನಲ್ಲಿ ಓಡಿದರು. ಮುಂಬಯಿಯ ಆಯ್ಕೆ ಪಂದ್ಯಕ್ಕೆ ಕರೆ ಬರಬೇಕಾದರೆ 11.2ರೊಳಗೆ ಓಡಿರಬೇಕಿತ್ತು, ಕರೆ ಬಂತು. ಆಯ್ಕೆ ಪಂದ್ಯ ಗೆದ್ದು, ಅದೇ ವರ್ಷದ ಕೊನೆಗೆ ಒಲಿಂಪಿಕ್ಸ್‌ನಲ್ಲಿ ಓಡಿ, ಮೊದಲ ಸುತ್ತಿನಲ್ಲೇ ಸೋತು ಮರಳಿದರು. ಆ ಬಳಿಕ ಹುಬ್ಬಳ್ಳಿ, ಪುಣೆ, ಬೆಂಗಳೂರು, ಎಲ್ಲಿ ಓಡಿದರೂ ಗಡಿಯಾರ 11.3 ಎಂದೇ ತೋರಿಸಿತು. 1958ರಲ್ಲಿ, ಇಪ್ಪತ್ತೆರಡರ ವಯಸ್ಸಿಗೆ, ಓಟ ಬಿಟ್ಟರು. 1962ರಲ್ಲಿ ನಾನು ಬಿ.ಎಸ್ಸಿ. ಮುಗಿಸಿ ವಿಜ್ಞಾನ ಕಲಿಸಲು ಬಂದಾಗ ಅವರು ಅದೇ ಶಾಲೆಯ ಡ್ರಿಲ್ ಶಿಕ್ಷಕಿಯಾಗಿದ್ದರು. ಮಕ್ಕಳೆದುರು ಒಮ್ಮೆಯೂ ಓಡುತ್ತಿರಲಿಲ್ಲ.

"ನನ್ನೊಳಗ ಏನು ಕಡಿಮಿ ಆತು ಅಂತ ಇನ್ನೂ ತಿಳಿದಿಲ್ಲ ನೋಡ್ರಿ, ಸರ" ಎಂದು ಒಮ್ಮೆ ಹೇಳಿದ್ದರು.

ಆ ಡಿಸೆಂಬರಿನಲ್ಲಿ ಓಟದ ದಾರಿಯನ್ನು ಮೀಟರಿಗೆ ಬದಲಾಯಿಸುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಎರಡು ಗುರುತಿನ ಕಲ್ಲುಗಳ ನಡುವೆ ಉಕ್ಕಿನ ಟೇಪು ಹಿಡಿದೆ. ಕಲ್ಲು ನೆಟ್ಟವರು ನೀಲಗಂಗವ್ವನವರ ಸೋದರಮಾವ ಸಂಗಯ್ಯ. ಸೋದರಸೊಸೆಯನ್ನು ಓಟಕ್ಕೆ ಹಚ್ಚಿದವರೂ ಅವರೇ. ಆ ದಿನ ನೋಡಲು ಬನವಾಸಿಯಿಂದ ಬಂದಿದ್ದರು.

"ಇದೇ ನೆಲದಾಗ ಹುಲಿ ಹಂಗ ಓಡಿದಾಕಿ, ಮಾಸ್ತರ. ವಿಮಾನ ಹತ್ತಿ ಇಳಿದ್ಲು, ಮೈಗಳ್ಳಿ ಆದ್ಲು. ಈಗ ಸೀಟಿ ಊದ್ತಾಳ!"

ನೀಲಗಂಗವ್ವ ಟೇಪಿನ ಇನ್ನೊಂದು ತುದಿಯನ್ನು ಕಲ್ಲಿಗೆ ಒತ್ತಿ ಹಿಡಿದರು. ನಾನು ಎರಡನೆಯ ಸಲ ಅಳೆದೆ. ಇನ್ನೂರ ತೊಂಬತ್ತೇಳು ಅಡಿ. ನೂರು ಗಜಕ್ಕೆ ಮುನ್ನೂರು ಅಡಿ ಬೇಕು; ಮೂರು ಅಡಿ, ಅಂದರೆ ಒಂದು ಗಜ, ಕಡಿಮೆ.

"ಮಾವ, ಅವತ್ತು ಹ್ಯಾಂಗ ಅಳದಿದ್ರಿ?"

"ಹ್ಯಾಂಗ ಅಂದ್ರ? ಮೋಜಣಿ ಸರಪಳಿ ತಂದು ಒಂಬತ್ತು ಸಲ ಹಾಸಿದೆ. ಮೂರು ಸರಪಳಿಗೆ ನೂರಡಿ. ಹೊಲ ಕೊಳ್ಳುವಾಗ ಎಲ್ಲಾರೂ ಹಂಗ ಹಿಡಿಯೂದು."

ಹೊಲ ಅಳೆಯುವ ಮೋಜಣಿ ಸರಪಳಿಯ ಉದ್ದ ಮೂವತ್ತಮೂರು ಅಡಿ. ಮೂರಕ್ಕೆ ತೊಂಬತ್ತೊಂಬತ್ತೇ ಆಗುತ್ತದೆ. ಹೊಲದ ಮಾತಿನಲ್ಲಿ ಆ ಒಂದಡಿಯನ್ನು ಯಾರೂ ಕೇಳುವುದಿಲ್ಲ.

"ಒಂದು ಗಜಕ್ಕ ಎಷ್ಟು ಹೊತ್ತು ಹಿಡೀತದ, ಸರ?"

"ನಿಮ್ಮ ಓಟಕ್ಕೆ ಸೆಕೆಂಡಿನ ಹತ್ತರಲ್ಲಿ ಒಂದು ಭಾಗ. 11.2ಕ್ಕೂ 11.3ಕ್ಕೂ ಇರುವ ಅಂತರ."

ನೀಲಗಂಗವ್ವ ಕಲ್ಲಿನ ಮೇಲೆ ಕುಳಿತರು. ಸಂಗಯ್ಯನವರ ಮುಖ ಕಪ್ಪಾಯಿತು.

"ಸುಮ್ಮನಿರ್ರಿ ಮಾಸ್ತರ. ಹೊರಗ ಬಿದ್ರ, ಈಕಿಗೆ ಮುಂಬೈಯಿಂದ ಕರೀನ ಬರ್ತಿರಲಿಲ್ಲ ಅಂತಾರ ಜನ. ಒಲಿಂಪಿಕ್ಸ್ ಓಡಿದಾಕಿ ಅಂತ ಹೆಸರೊಂದು ಐತಿ. ಅದನ್ನೂ ಕಿತ್ಕೋಬ್ಯಾಡ್ರಿ."

"ಹೆಸರು ನಿಮಗ ಬೇಕಾಗೇತಿ, ಮಾವ," ನೀಲಗಂಗವ್ವ ಅಂದರು. "ಮೈಗಳ್ಳಿ ಅನಿಸ್ಕೊಂಡಾಕಿ ನಾನು. ಅದೂ ನಿಮ್ಮ ಬಾಯಿಂದ."

ಸಂಗಯ್ಯ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ನಾನು ಟೇಪು ಸುತ್ತುತ್ತ ನಿಂತಿದ್ದೆ.

"ಬರೀರಿ, ಸರ. ಎರಡೂ ಬರೀರಿ," ನೀಲಗಂಗವ್ವ ನನ್ನತ್ತ ತಿರುಗಿ ಅಂದರು.

ಮುಖ್ಯೋಪಾಧ್ಯಾಯರಿಗೆ ಕೊಟ್ಟ ವರದಿಯಲ್ಲಿ ಬರೆದೆ: 1956ರಲ್ಲಿ ಓಡಿದ ದೂರ ತೊಂಬತ್ತೊಂಬತ್ತು ಗಜ, ಓಟಗಾರ್ತಿಯ ವೇಗ ಅನಂತರ ಕುಂದಿಲ್ಲ.