ಅಂಚು ಕಚ್ಚಿಹೋದ ಬೆಳಕು

ಬೆಳಕಿನ ಬಿಲ್ಲೆ ಗುಂಡಗಿತ್ತು, ಈಗ ಅದರ ಅಂಚನ್ನು ಯಾರೋ ಕಚ್ಚಿದಂತಿದೆ — ಚಾಪೆಯ ತುದಿಯಲ್ಲಿ, ನನ್ನ ಕಾಲಿನ ಹೆಬ್ಬೆರಳಿನಿಂದ ಒಂದು ಗೇಣು ಆಚೆ, ಹೆಂಚಿನ ಸಂದಿಯಿಂದ ಬಿದ್ದದ್ದು, ಅಂದರೆ ಹಿಡಿಯಿತು, ಗ್ರಹಣ ಹಿಡಿಯಿತು, ಅತ್ತೆ ಕಿಟಕಿಗೆ ಗೋಣಿಚೀಲ ತುರುಕಿದರು, ಬಾಗಿಲ ಸಂದಿಗೆ ಹಳೆಯ ಪಂಚೆ ತುರುಕಿದರು, ತಲೆಯೆತ್ತಿ ಹೆಂಚು ನೋಡಲಿಲ್ಲ, ಕೋತಿ ಓಡಾಡುವ ಹೆಂಚು, ಸರಿದಿರುತ್ತದೆ. ಸಣ್ಣ ತೂತಿನಿಂದ ಬಿದ್ದ ಬೆಳಕಿಗೆ ತೂತಿನ ಆಕಾರ ಬರುವುದಿಲ್ಲ, ಸೂರ್ಯನ ಆಕಾರವೇ ಬರುತ್ತದೆ, ಇದನ್ನು ಪಿಯುಸಿ ಹುಡುಗರೂ ಬಲ್ಲರು, ಅವರಿಗೆ ಪಾಠ ಹೇಳುವ ಜುವಾಲಜಿ ಮೇಡಮ್ಮು ಐದು ತಿಂಗಳ ಬಸುರಿ, ಸಾವಿರದ ಒಂಬೈನೂರ ಎಂಬತ್ತನೆಯ ಇಸವಿಯಲ್ಲಿ, ನೊಣವಿನಕೆರೆಯ ಗಂಡನ ಮನೆಯಲ್ಲಿ, ಹಗಲು ಹೊತ್ತಿನಲ್ಲಿ, ಕಾಯಿ ತುಂಬುವ ಕೋಣೆಯೊಳಗೆ ಕೈಕಟ್ಟಿ ಕುಳಿತಿದ್ದಾಳೆ, ನಗಬೇಕು, ನಗು ಬರುತ್ತಿಲ್ಲ. ನಮ್ಗೆ ಸೂತಕ ಇಲ್ಲ ಕಣಮ್ಮ ಗಿರ್ಜಾ, ಲಿಂಗ ಕಟ್ದೋರಿಗೆ ಯಾವ ಸೂತಕಾನೂ ಇಲ್ಲ, ಆದ್ರೂ ಬಸ್ರಿ ಅಲ್ವಾ, ಒಳಗೆ ಕೂತ್ಕೊಂಬುಡು, ಕತ್ರಿ ಮುಟ್ಬೇಡ, ಚಾಕು ಮುಟ್ಬೇಡ, ಉಗುರಿನಾಗೆ ಮೈ ಕೆರ್ಕೋಬೇಡ — ಆಗಲಿ ಅತ್ತೆ ಅಂದೆ, ಅಂದ ತಕ್ಷಣ ಬೆನ್ನು ತುರಿಸತೊಡಗಿತು, ಇನ್ನೂ ತುರಿಸುತ್ತಿದೆ, ಗೋಡೆಗೆ ಒರಗಿ ಉಜ್ಜಿಕೊಳ್ಳುತ್ತಿದ್ದೇನೆ, ಗೋಡೆಯ ಬಗ್ಗೆ ಅತ್ತೆ ಏನೂ ಹೇಳಿಲ್ಲ.

ಅಟ್ಟದ ಮೇಲೆ ಇಲಿ ಓಡಿತು, ಕಾಯಿಗಳು ಲೊಡಲೊಡ ಅಂದವು, ವರ್ಷವೆಲ್ಲ ಮಲಗಿ ನೀರು ಬತ್ತಿ, ಚಿಪ್ಪಿನೊಳಗೇ ಕೊಬ್ಬರಿ ಗುಂಡಾಗಿ ಬಿಟ್ಟುಕೊಂಡ ಕಾಯಿ, ಇವನ್ನೇ ಹಿತ್ತಿಲ ಮರಳಿನಲ್ಲಿ ಹೂತಿದ್ದರೆ ಸಸಿಯಾಗುತ್ತಿದ್ದವು, ಅಟ್ಟಕ್ಕೇರಿದ್ದಕ್ಕೆ ಕೊಬ್ಬರಿಯಾದವು, ಕಾಯಿ ಅದೇ, ಅದರ ಒಳಗಿಗೆ ಸಿಕ್ಕ ಸೂಚನೆ ಬೇರೆ — ಬೆಳಿಗ್ಗೆ ಕ್ಲಾಸಿನಲ್ಲಿ ಹೀಗೇ ಹೇಳಿದೆ, ತಿಪಟೂರಿನ ಹುಡುಗರಿಗೆ ಕೊಬ್ಬರಿ ಅಂದರೆ ಕಿವಿ ನೆಟ್ಟಗಾಗುತ್ತದೆ. ಬೆಳಿಗ್ಗೆ ಪ್ರಾಕ್ಟಿಕಲ್ ಇತ್ತು, ಇವತ್ತು ಬೇಡ ಅನ್ನಬಹುದಿತ್ತು, ಮೇಡಂ ಹೆದರಿದರು ಅಂದುಕೊಂಡಾರು ಎಂದು ನಡೆಸಿದೆ, ಅಟೆಂಡರ್ ಈರಣ್ಣ ಮನೆಯಲ್ಲಿ ಕಾವಿಗೆ ಕೂತ ಕೋಳಿಯ ಕೆಳಗಿನಿಂದ ಮೊಟ್ಟೆ ತಂದಿದ್ದ, ನಮ್ಮನೇವ್ಳಿಗೆ ಗೊತ್ತಿಲ್ಲ ಮೇಡಂ, ಕೋಳಿಗೆ ಲೆಕ್ಕ ಬರಾಕಿಲ್ಲ ಬುಡಿ. ಕತ್ತರಿ ಹಿಡಿದು ಚಿಪ್ಪಿನಲ್ಲಿ ಕಿಟಕಿ ಕೊಯ್ದೆ — ಕತ್ತರಿ, ಹೌದು, ಆದರೆ ಬೆಳಿಗ್ಗೆ, ಸೂರ್ಯ ಗುಂಡಗಿದ್ದಾಗ, ಅದು ಲೆಕ್ಕಕ್ಕಿಲ್ಲ, ಯಾರ ಜೊತೆ ಚೌಕಾಸಿ ಮಾಡುತ್ತಿದ್ದೇನೆ ನಾನು — ಒಳಗೆ ಕೆಂಪು ಎಳೆಗಳ ನಡುವೆ ಮಿಡಿಯುವ ಚುಕ್ಕೆ, ದೊಡ್ಡ ಕಪ್ಪು ಕಣ್ಣು, ಕಣ್ಣ ಕೆಳಗೆ ಎಡದಿಂದೊಂದು ಬಲದಿಂದೊಂದು ಪುಟ್ಟ ಉಬ್ಬು, ನಡುವಿನ ಉಬ್ಬಿನ ಕಡೆಗೆ ಹೊರಟಿದ್ದವು, ಇನ್ನೂ ಸೇರಿರಲಿಲ್ಲ. ಇವು ಸೇರಿ ಕೋಳಿಗೆ ಕೊಕ್ಕಾಗುತ್ತವೆ, ನಮಗೆ ಮೇಲ್ತುಟಿಯಾಗುತ್ತವೆ, ಬರೆದುಕೊಳ್ಳಿ ಅಂದೆ, ಅವರು ಬರೆದುಕೊಂಡರು, ನನ್ನ ಕೈ ಹೊಟ್ಟೆಯ ಮೇಲೆ ಹೋಗಿತ್ತು, ಯಾರೂ ಗಮನಿಸಲಿಲ್ಲ.

ಬಿಲ್ಲೆ ಚಾಪೆ ದಾಟಿ ಪಾದಕ್ಕೆ ಬಂತು, ಕಚ್ಚಿದ ಜಾಗ ದೊಡ್ಡದಾಗಿದೆ. ಬಾಗಿಲಾಚೆ ಬಳೆ ಸದ್ದು, ನಾದಿನಿ ಸಿದ್ದಗಂಗ, ಅತ್ಗೆ, ಸಗಣಿ ನೀರಿನ ಬೋಗುಣಿಯಾಗೆ ನೋಡ್ದೆ, ಸೂರ್ಯ ನನ್ ತುಟಿ ಹಂಗೇ ಆಗವ್ನೆ — ಬಾಯ್ ಮುಚ್ಚೇ, ಎಂಥ ಮಾತು ಆಡ್ತೀಯೇ ಬಸ್ರಿ ಮುಂದೆ, ಇದು ಅತ್ತೆ, ಆಮೇಲೆ ಸಿದ್ದಗಂಗನ ನಗು, ಸೆರಗು ಬಾಯಿಗೆ ಅಡ್ಡ ಹಿಡಿದೇ ನಗುತ್ತಾಳೆ, ಕಾಣದಿದ್ದರೂ ಗೊತ್ತು, ಚಿಕ್ಕಂದಿನಲ್ಲಿ ಹೊಲಿಸಿದ ತುಟಿ, ಮೂಗಿನವರೆಗೆ ಒಂದು ಬಿಳಿ ಗೆರೆ, ನೋಡಲು ಬಂದ ಗಂಡುಗಳು ಆ ಗೆರೆಯನ್ನೇ ನೋಡಿ ಉಪ್ಪಿಟ್ಟು ತಿಂದು ಹೋದರು. ಅತ್ತೆ ಅದನ್ನು ನನಗೆ ಹೇಳಿದ್ದು ಒಂದೇ ಸಲ, ರಾಗಿ ಕೇರುತ್ತಾ, ಮುಖ ಮೊರದ ಕಡೆಗೇ ಇಟ್ಟುಕೊಂಡು: ಅವಳು ಹೊಟ್ಟೆಯಾಗಿದ್ಲು ಕಣಮ್ಮ, ಗ್ರಾಣ ಹಿಡಿದಿತ್ತು, ಕೊಬ್ರಿ ಸಂತೆಗೆ ಹೋಗ್ಬೇಕಿತ್ತು, ಚಿಪ್ಪು ಒಡೀತಿದ್ದೆ, ನನ್ ಕೈಯಾಗೆ ಒಂದು ಕೊಬ್ರಿಗೂ ಏಟು ಬೀಳ್ತಿರ್ಲಿಲ್ಲ, ಅವತ್ತು ಮಚ್ಚು ಜಾರ್ತು, ಗುಂಡು ಕೊಬ್ರಿ ಅಂಚು ಹಾರೋಯ್ತು, ಇಷ್ಟೇ ಇಷ್ಟು, ಹೆತ್ತ ಮೇಲೆ ಮಗಾ ನೋಡಿದ್ರೆ ಅದೇ ಜಾಗ, ಅದೇ ಅಳತೆ. ಆಮೇಲೆ ಅವರು ಮಚ್ಚು ಹಿಡಿಯಲಿಲ್ಲ, ಕೊಬ್ಬರಿ ಬಿಡಿಸಲು ಆಳು ಬರುತ್ತಾರೆ, ಅತ್ತೆ ಆ ಹೊತ್ತು ಹಟ್ಟಿಯ ಕಡೆಗೆ ಹೋಗಿಬಿಡುತ್ತಾರೆ, ಹಸುವಿನ ಮೈ ತೊಳೆಯುತ್ತಾರೆ, ತೊಳೆದದ್ದನ್ನೇ ತೊಳೆಯುತ್ತಾರೆ.

ಹೇಳಿಬಿಡಬೇಕು, ಇವತ್ತೇ, ಈ ಬಾಗಿಲ ಸಂದಿಯಿಂದಲೇ, ಅತ್ತೆ ಅದು ನಿಮ್ಮ ಮಚ್ಚಲ್ಲ. ಮೈಸೂರಿನಲ್ಲಿ ಎಂಎಸ್ಸಿ ಓದುವಾಗ ಹಾಲಸ್ವಾಮಿ ಮೇಷ್ಟ್ರು ಬೋರ್ಡಿನ ಮೇಲೆ ಸಾಲಾಗಿ ಬರೆದಿದ್ದರು, ಮೀನು, ಆಮೆ, ಕೋಳಿ, ಮೊಲ, ಮನುಷ್ಯ, ಎಲ್ಲರ ಭ್ರೂಣಗಳ ಕೊರಳ ಬಳಿ ಅವೇ ಮಡಿಕೆಗಳು, ಮೀನಿಗೆ ಕಿವಿರಾದವು, ನಮಗೆ ದವಡೆಯಾದವು, ಕಿವಿಯ ಮೂಳೆಯಾದವು, ನೋಡ್ರಮ್ಮ, ಜೀನುಗಳು ಬಹುಮಟ್ಟಿಗೆ ಒಂದೇ ಮನೆತನದವು, ಯಾವುದು ಎಲ್ಲಿ, ಯಾವಾಗ, ಎಷ್ಟು ಹೊತ್ತು ಕೆಲಸ ಮಾಡ್ಬೇಕು ಅನ್ನೋ ಅಪ್ಪಣೆ ಇದೆಯಲ್ಲ, ಕೋಟ್ಯಂತರ ವರ್ಷದಲ್ಲಿ ಹೆಚ್ಚು ಬದಲಾಗಿರೋದು ಅದು ಇರ್ಬೇಕು, ಇದು ಈಗಿನ ಹೊಸ ಮಾತು, ಇನ್ನೂ ಪೂರ್ತಿ ಸಾಬೀತಾಗಿಲ್ಲ ಅಂದಿದ್ದರು. ಎಲ್ಲೋ ಒಂದು ಅಪ್ಪಣೆ ಕೊಂಚ ತಡವಾಯಿತು, ಎಲ್ಲೋ ಕೊಂಚ ಬೇಗ ಬಂತು, ಮೂತಿ ಗಿಡ್ಡವಾಯಿತು, ಕೊಕ್ಕು ಉದ್ದವಾಯಿತು, ಬಾಲ ಉಳಿಯದೆ ಹೋಯಿತು, ಆ ಸಡಿಲ ಇರದಿದ್ದರೆ ನಾವು ಇಂದಿಗೂ ಕೆರೆಯಲ್ಲೇ ಈಜುತ್ತಿದ್ದೆವು, ಆಗ ಎಷ್ಟು ಖುಷಿಯಾಗಿತ್ತು ನನಗೆ, ಹಾಸ್ಟೆಲಿನವರೆಗೆ ಹಾರಿಕೊಂಡೇ ಹೋಗಿದ್ದೆ. ಅದೇ ಸಡಿಲ ಸಿದ್ದಗಂಗನ ತುಟಿಯಲ್ಲೂ ಇದೆ, ಉಬ್ಬುಗಳು ಹೊರಟವು, ಒಂದು ತಡವಾಯಿತು, ಸೇರಲಿಲ್ಲ, ಅಷ್ಟೇ, ಮಚ್ಚಿಲ್ಲ ಗ್ರಹಣವಿಲ್ಲ — ಹಾಗಾದ್ರೆ ಯಾಕಮ್ಮ ತಡ ಆಯ್ತು ಅಂತ ಅತ್ತೆ ಕೇಳುತ್ತಾರೆ, ಕೇಳದೆ ಬಿಡುವವರಲ್ಲ, ಆಗ ಹೇಳಬೇಕು, ರಕ್ತದಲ್ಲಿ ಬರುವುದೂ ಉಂಟು ಅತ್ತೆ, ನಿಮ್ಮದಲ್ಲ, ಈ ಮನೆಯದು, ಮಾವನವರ ಅಕ್ಕನಿಗೂ ಹೀಗೇ ಇತ್ತಂತಲ್ಲ. ಇವರೇ ಹೇಳಿದ್ದು, ಮದುವೆಯಾದ ಹೊಸದರಲ್ಲಿ, ಬಸ್ಸಿನಲ್ಲಿ, ಕಡಲೆಕಾಯಿ ಸುಲಿಯುತ್ತಾ, ನಮ್ಮ ಸೋದರತ್ತೆಗೂ ತುಟಿ ಹಂಗೇ ಇತ್ತಂತೆ ಕಣೇ, ಆಗ್ಲೂ ಗ್ರಹಣ ಅಂದ್ರಂತೆ, ನಾನು ಸಿಪ್ಪೆ ಕಿಟಕಿಯಿಂದ ಆಚೆ ಎಸೆದೆ. ಅದೇ ರಕ್ತ ಈಗ ನನ್ನ ಹೊಟ್ಟೆಯಲ್ಲಿದೆ.

ಬಿಲ್ಲೆ ಮೊಣಕಾಲಿಗೆ ಬಂತು, ಬಿಲ್ಲೆಯೂ ಅಲ್ಲ, ಕುಡುಗೋಲಿನಂಥ ಚೂರು. ಹೊರಗೆ ಹಕ್ಕಿಗಳ ಸದ್ದು ನಿಂತಿದೆ. ತುಟಿ ಕೂಡುವುದು ಎರಡನೆಯ ತಿಂಗಳಲ್ಲಿ, ಆಗ ನಾನು ಏನು ಮಾಡುತ್ತಿದ್ದೆ, ಬಸ್ಸಿನಲ್ಲಿ ನಿಂತುಕೊಂಡು ತಿಪಟೂರಿಗೆ ಹೋಗುತ್ತಿದ್ದೆ, ಪೇಪರು ತಿದ್ದುತ್ತಿದ್ದೆ, ವಾಂತಿ ಮಾಡುತ್ತಿದ್ದೆ, ಒಳಗೆ ಅಪ್ಪಣೆ ಬಂತೋ, ತಡವಾಯಿತೋ, ನನಗೆ ಕೇಳಿಸಲಿಲ್ಲ, ಆಗುವುದು ಆಗಿಹೋಗಿದೆ, ಸೇರಿದ್ದರೆ ಸೇರಿದೆ, ಇಲ್ಲದಿದ್ದರೆ ಇಲ್ಲ, ಹೆರುವವರೆಗೆ ನೋಡುವ ಕಿಟಕಿ ಇಲ್ಲ, ನಾನೇನು ಮೊಟ್ಟೆಯೇ. ಗ್ರಹಣದ್ದೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು, ಗ್ರಹಣಕ್ಕೆ ಬಾಗಿಲಿದೆ, ಚಿಲಕವಿದೆ, ಗೋಣಿಚೀಲವಿದೆ, ಬಾಗಿಲಲ್ಲಿ ಕಾವಲು ಕೂರಲು ಅತ್ತೆ ಇದ್ದಾರೆ, ಒಂದು ಮಧ್ಯಾಹ್ನ ಕೈಕಟ್ಟಿ ಕೂತರೆ ಮುಗಿಯಿತು, ಭಯವಾಗುತ್ತಿದೆ ನನಗೆ, ಓದಿದ್ದೆಲ್ಲ ಸುಳ್ಳಾಗಲಿ ಅನ್ನಿಸುತ್ತಿದೆ, ಮಚ್ಚೇ ನಿಜವಾಗಲಿ, ತಪ್ಪು ಅವರದೇ ಇರಲಿ, ಛೀ, ಆ ಮುದುಕಿಯ ಮೇಲೇ ಇರಲಿ ಅಂತ — ಅತ್ತೆ, ಅಂದೆ. ಏನಮ್ಮ. ಅದು ನಿಮ್ಮ — ಏನ್ ಗಿರ್ಜಾ, ಎಲ್ಲಾದ್ರೂ ಬೆಳಕು ಬೀಳ್ತೈತೇನು, ನೋಡ್ಕೊಂಡು ಹೇಳು, ಇನ್ನೊಂದು ಗೋಣಿ ತತ್ತೀನಿ. ಸೀರೆಯ ನೆರಿಗೆ ಹತ್ತಿ ಆ ಬೆಳಕಿನ ಚೂರು ಹೊಟ್ಟೆಯ ಮೇಲಕ್ಕೆ ಬಂದಿದೆ, ಸರಿದು ಕೂರಬಹುದು, ಸರಿಯಲಿಲ್ಲ, ಅಂಗೈ ಅಡ್ಡ ಇಟ್ಟೆ, ಇಲ್ಲ ಅತ್ತೆ, ಎಲ್ಲೂ ಇಲ್ಲ, ಅಂದೆ, ಕೈಯ ಹಿಂಬದಿಯಲ್ಲಿ ಅದು ಕೂತಿದೆ, ಬೆಳ್ಳಗೆ, ಅಂಚು ಕಚ್ಚಿಹೋಗಿ, ಅಂಚು ಕಚ್ಚಿಹೋಗಿ