ಅಂಗಡಿಗೆಲ್ಲ ಒಂದೇ ಟವೆಲು

ಒಂದು ವಾರದಿಂದ ಬೀದಿ ತುಂಬಾ ಕಣ್ಣು ಬೇನೆ. ಹಾಲಿನವನ ಕಣ್ಣು ಕೆಂಪು, ಬಸ್ ಕಂಡಕ್ಟರನ ಕಣ್ಣು ಕೆಂಪು. ಬೇಕರಿಯವನಿಗಂತೂ ಬೆಳಿಗ್ಗೆ ಎದ್ದರೆ ರೆಪ್ಪೆ ಅಂಟಿಕೊಂಡಿರುತ್ತಿತ್ತು, ನೀರು ಹಾಕಿ ಬಿಡಿಸಬೇಕಿತ್ತು.

ಬೀದಿಯ ಮೂಲೆಯಲ್ಲಿ ಕಟಿಂಗ್ ಶಾಪ್ ಇಟ್ಟಿದ್ದವನನ್ನು ಎಲ್ಲರೂ ಕತ್ತರಿಯಣ್ಣ ಅಂತಲೇ ಕರೆಯುತ್ತಿದ್ದರು. ಅವನ ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಈ ಬೇನೆ ಹೇಗೆ ಬರುತ್ತೆ ಅಂತ ಯಾರಾದರೂ ಕೇಳುವುದೇ ತಡ, ಉತ್ತರ ರೆಡಿ. ಕೆಂಗಣ್ಣಿನವರನ್ನು ನೋಡಿದರೆ ಬರುತ್ತೆ. ದಿಟ್ಟಿಸಿ ನೋಡಿದರೆ ಎರಡು ಕಣ್ಣಿಗೂ ಬರುತ್ತೆ, ಓರೆಗಣ್ಣಲ್ಲಿ ನೋಡಿದರೆ ಒಂದಕ್ಕೆ ಮಾತ್ರ.

ಅವನು ಹುಷಾರಾಗಿರುವುದಕ್ಕೆ ಕಾರಣವೂ ಇತ್ತು. ಅವನ ತಾಯಿಗೆ ಎರಡು ಕಣ್ಣಲ್ಲೂ ಪೊರೆ ಬಂದು, ಎದುರಿಗೆ ನಿಂತಿರುವುದು ಮಗನೋ ಕಂಬವೋ ತಿಳಿಯದ ಹಾಗಾಗಿತ್ತು. ಗುರುವಾರ ಆಪರೇಷನ್ನಿಗೆ ದಿನ ಸಿಕ್ಕಿತ್ತು. ಅಲ್ಲಿಯವರೆಗೆ ಮನೆಗೆ ಬೇನೆ ತರಬಾರದು ಅಂತ ಕತ್ತರಿಯಣ್ಣ ಒಂದು ಕಪ್ಪು ಕನ್ನಡಕ ಕೊಂಡ. ಕನ್ನಡಿಯಲ್ಲೂ ಕೆಂಗಣ್ಣು ಕಾಣಬಾರದು ಅಂತ ಅದಕ್ಕೆ ಬೆಡ್‌ಶೀಟ್ ಹೊದಿಸಿದ. ಬಾಗಿಲಿಗೆ ಪರದೆ ಎಳೆದ. ಕುರ್ಚಿಯಲ್ಲಿ ಕೂತವರು ಕಣ್ಣು ಮುಚ್ಚಿಕೊಂಡೇ ಇರಬೇಕು ಅಂತ ಕಟ್ಟಪ್ಪಣೆ ಮಾಡಿದ.

ಆ ಕತ್ತಲೆಯಲ್ಲಿ, ಗಡ್ಡ ಮಾಡಿಸಿಕೊಳ್ಳಲು ಬಂದ ಶಾಲೆ ಮೇಷ್ಟ್ರ ಮೂವತ್ತು ವರ್ಷದ ಮೀಸೆ ಅರ್ಧ ಹೋಯಿತು. ಅದು ಮೇಷ್ಟ್ರಿಗೆ ಗೊತ್ತಾಗಿದ್ದು ಮನೆಗೆ ಹೋಗಿ, ಹೆಂಡತಿ ಬಾಗಿಲು ತೆಗೆದು ನಗು ತಡೆಯಲಾಗದೆ ಮತ್ತೆ ಮುಚ್ಚಿದ ಮೇಲೆ. ಉಳಿದರ್ಧ ಬೋಳಿಸಿಕೊಳ್ಳಲು ಅವರು ವಾಪಸ್ ಬಂದರು.

ಇಷ್ಟೆಲ್ಲ ಮುನ್ನೆಚ್ಚರಿಕೆಯ ನಡುವೆ ಕತ್ತರಿಯಣ್ಣನ ಹೆಗಲ ಮೇಲೆ ಒಂದು ಟವೆಲು. ಒಂದೇ ಒಂದು. ಕಂಡಕ್ಟರನ ಕಣ್ಣೀರು ಒರೆಸಿದ್ದು ಅದೇ, ಮೇಷ್ಟ್ರ ಕೆನ್ನೆಯ ನೊರೆ ಒರೆಸಿದ್ದು ಅದೇ, ತನ್ನ ಕತ್ತಿನ ಬೆವರು ಒರೆಸಿಕೊಂಡಿದ್ದೂ ಅದೇ. ಸಂಜೆ ಹೆಗಲ ಮೇಲೇ ಮನೆಗೆ ಬಂದು ಬಚ್ಚಲಿನ ಗೂಟಕ್ಕೆ ನೇತಾಡುತ್ತಿತ್ತು.

ಅವನ ನಾದಿನಿ ಆರೋಗ್ಯ ಕೇಂದ್ರದಲ್ಲಿ ನರ್ಸು. ಅಕ್ಕನನ್ನು ನೋಡಲು ಬರುವ ದಾರಿಯಲ್ಲಿ ಅಂಗಡಿಗೆ ಇಣುಕಿದವಳು ಟವೆಲನ್ನು ನೋಡಿ ಅಲ್ಲೇ ನಿಂತುಬಿಟ್ಟಳು. ನೋಟದಿಂದ ಈ ಬೇನೆ ಹರಡೋದಿಲ್ಲ, ಕಣ್ಣಿನ ನೀರು, ಪಿಸುರು ಅಂಟಿದ ಕೈಯಿಂದ, ಬಟ್ಟೆಯಿಂದ ಹರಡುತ್ತೆ, ಅದರಲ್ಲಿ ರೋಗಾಣು ಇರುತ್ತೆ ಅಂತ ಬಿಡಿಸಿ ಹೇಳಿದಳು. ಕತ್ತರಿಯಣ್ಣ ಟವೆಲನ್ನು ಬಾಗಿಲ ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದ.

“ಎಲ್ಲಮ್ಮಾ ಇದೆ ನಿನ್ನ ರೋಗಾಣು? ಒಂದೂ ಕಾಣ್ತಿಲ್ವಲ್ಲ.”

“ಕಾಣೋ ಹಾಗಿದ್ದಿದ್ರೆ ನೀವೇ ಅದಕ್ಕೂ ಕಟಿಂಗ್ ಮಾಡಿ ಕಳಿಸ್ತಿದ್ರಿ, ಭಾವ,” ಅಂದಳು ಅವಳು.

ಅವನು ನಕ್ಕು ಟವೆಲನ್ನು ಮತ್ತೆ ಹೆಗಲಿಗೇರಿಸಿಕೊಂಡ.

ಗುರುವಾರ ಬಂತು. ತಾಯಿ ಹೊಸ ಸೀರೆ ಉಟ್ಟು, ಎಲ್ಲರಿಗಿಂತ ಮೊದಲು ಆಟೋ ಹತ್ತಿ ಕೂತಳು. ಬೆಳಿಗ್ಗೆಯಿಂದ ಕಣ್ಣು ಚುಚ್ಚುತ್ತಿದ್ದುದನ್ನು ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ರೆಪ್ಪೆ ಬಿಡಿಸಿ ಟಾರ್ಚ್ ಹಾಕಿದರು, ಆರಿಸಿದರು. ಕಣ್ಣಿಗೆ ಸೋಂಕು ಆಗಿದೆ, ಈಗ ಆಪರೇಷನ್ ಮಾಡಿದರೆ ರೋಗಾಣು ಕಣ್ಣಿನ ಒಳಗೇ ಸೇರಿ ಇರುವ ದೃಷ್ಟಿಯೂ ಹೋಗಬಹುದು, ಪೂರ್ತಿ ವಾಸಿಯಾದ ಮೇಲೆ ಬನ್ನಿ ಅಂದರು.

ವಾಪಸ್ ಬರುವಾಗ ತಾಯಿ ಸೆರಗಿನ ತುದಿ ಮಡಿಸುವುದು, ಬಿಡಿಸುವುದು ಮಾಡುತ್ತಾ ಕೂತಿದ್ದಳು. ಕತ್ತರಿಯಣ್ಣನ ಸಂಕಟ ಸಿಟ್ಟಾಗಿ ಹೊರಗೆ ಬಂತು.

“ಅಷ್ಟು ಹೇಳಿದ್ನಲ್ಲಮ್ಮಾ. ಯಾರ ಕಣ್ಣು ನೋಡ್ದೆ ನೀನು?”

“ನಂಗೆ ಕಣ್ಣು ಕಾಣಿಸೋ ಹಾಗಿದ್ರೆ ಆಸ್ಪತ್ರೆಗೆ ಯಾಕೋ ಬರ್ತಿದ್ದೆ?” ಅಂದಳು ತಾಯಿ. “ಎರಡು ವರ್ಷದಿಂದ ನಿನ್ನ ಮುಖಾನೇ ನೋಡಿಲ್ಲ ನಾನು.”

ಆಟೋದವನು ಕಿಸಕ್ಕನೆ ನಕ್ಕು, ಕೆಮ್ಮಿದ ಹಾಗೆ ಮಾಡಿದ. ಜೊತೆಗಿದ್ದ ನಾದಿನಿ, ಮುಖ ಯಾವುದರಲ್ಲಿ ಒರೆಸಿಕೊಳ್ತೀರಿ ಅತ್ತೆ ಅಂತ ಮೆಲ್ಲಗೆ ಕೇಳಿದಳು.

“ಬಚ್ಚಲ ಗೂಟದ ಮೇಲಿರೋದ್ರಲ್ಲಿ. ಗಡ್ಡದ ಸೋಪಿನ ವಾಸನೆ ಬರುತ್ತೆ. ಮಗಂದು ಅಂತ ಗೊತ್ತಾಗುತ್ತೆ.”

ಮನೆ ಮುಂದೆ ಇಳಿದ ಕೂಡಲೇ ಕತ್ತರಿಯಣ್ಣ ಗೂಟದ ಟವೆಲನ್ನು ದೊಡ್ಡ ಪಾತ್ರೆಗೆ ಹಾಕಿ, ಸೋಪಿನ ಪುಡಿ ಸುರಿದು ಕುದಿಸಲು ಇಟ್ಟ. ಆ ನೀರಿನ ಬಣ್ಣ ನೋಡಿದ ಹೆಂಡತಿ, ಇನ್ನು ಈ ಪಾತ್ರೆ ನನಗೆ ಬೇಡ, ಅಂಗಡಿಗೇ ಇಟ್ಕೊಳ್ಳಿ ಅಂದಳು.

ಮಾರನೆಯ ದಿನ ಕನ್ನಡಿಯ ಬೆಡ್‌ಶೀಟ್ ಇಳಿಸಿ ಒಗೆದು, ಹರಿದು ತುಂಡು ತುಂಡು ಮಾಡಿದ. ಒಬ್ಬರಿಗೆ ಒಂದು ತುಂಡು. ಬಳಸಿದ್ದು ನೇರ ಬುಟ್ಟಿಗೆ. ಸಂಜೆ ಸೋಪು ಹಾಕಿ ಬಿಸಿನೀರಲ್ಲಿ ಒಗೆಯುವುದು, ಬೆಳಿಗ್ಗೆ ಬಿಸಿಲಿಗೆ ಒಣಗಿಸುವುದು. ಒಬ್ಬೊಬ್ಬರ ಕೆಲಸ ಮುಗಿದ ಮೇಲೂ ಸೋಪು ಹಚ್ಚಿ ಕೈ ತೊಳೆಯತೊಡಗಿದ. ಕೆಂಗಣ್ಣಿನವರು ಬಂದರೆ ಡಾಕ್ಟರಿಗೆ ತೋರಿಸಿ, ಗಡ್ಡ ಎಲ್ಲೂ ಓಡಿಹೋಗಲ್ಲ ಅಂತ ಕಳಿಸಿಬಿಡುತ್ತಿದ್ದ. ಹಾಗೆ ಹೋದ ಬೇಕರಿಯವನ ಗಡ್ಡ ಎಷ್ಟು ಬೆಳೆಯಿತೆಂದರೆ, ಬನ್ ಕೊಳ್ಳಲು ಬಂದ ಅಜ್ಜಿಯೊಬ್ಬರು ಸ್ವಾಮಿಗಳೇ ಅಂತ ಕೈಮುಗಿದರು.

ಪಕ್ಕದ ಮನೆಯಾಕೆ ತಾಯಿಯ ಕಣ್ಣಿನ ಡ್ರಾಪ್ಸ್ ಒಂದೆರಡು ಹನಿ ಕೇಳಲು ಬಂದಾಗ ಬೇಡ ಅಂದವನು ಕತ್ತರಿಯಣ್ಣನೇ. ಒಬ್ಬರ ಔಷಧಿ ಇನ್ನೊಬ್ಬರಿಗೆ ಹಾಕಬಾರದಂತೆ ಅಂತ ನಾದಿನಿಯ ಧಾಟಿಯಲ್ಲೇ ಪಾಠ ಮಾಡಿ, ಆಕೆಯನ್ನು ಆರೋಗ್ಯ ಕೇಂದ್ರದವರೆಗೆ ತಾನೇ ಕರೆದುಕೊಂಡು ಹೋದ.

ಏಳು ವಾರದ ಮೇಲೆ ತಾಯಿಯ ಒಂದು ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಆಕೆ ಮಗನ ಮುಖವನ್ನೇ ನೋಡುತ್ತಾ ಕೂತಳು. ಅವನಿಗೆ ಗಾಬರಿಯಾಗಿ, ಕಾಣ್ತಿದೆಯೇನಮ್ಮಾ ಅಂತ ಕೇಳಿದ.

“ಕಾಣ್ತಿದೆ ಕಣೋ. ಊರಿಗೆಲ್ಲ ಬಣ್ಣ ಹಚ್ತೀಯ, ನಿನ್ನ ತಲೆ ಇಷ್ಟು ನೆರೆತಿದೆ ಅಂತ ನಂಗೆ ಯಾರೂ ಹೇಳಲೇ ಇಲ್ಲ,” ಅಂದಳು.

ಕತ್ತರಿಯಣ್ಣ ನಗಲು ಹೋದ. ಕಣ್ಣು ತುಂಬಿಬಂತು. ಕೈಯಲ್ಲಿ ಒರೆಸಿಕೊಳ್ಳಲಿಲ್ಲ, ಜೇಬಿನಿಂದ ತನ್ನದೇ ಕರವಸ್ತ್ರ ತೆಗೆದ.

ಇದನ್ನು ಓದಿದ ಅಕ್ಕಂದಿರೇ, ಅಣ್ಣಂದಿರೇ, ಈಗ ಎದ್ದು ನಿಮ್ಮ ಬಚ್ಚಲಿಗೆ ಒಮ್ಮೆ ಹೋಗಿ ಬನ್ನಿ. ಮನೆಯಲ್ಲಿ ಎಷ್ಟು ಜನ, ಗೂಟದ ಮೇಲೆ ಎಷ್ಟು ಟವೆಲು? ಜನ ಐದು, ಟವೆಲು ಒಂದು ಆಗಿದ್ದರೆ ಇವತ್ತೇ ಒಂದು ಹಳೇ ಬೆಡ್‌ಶೀಟ್ ಹುಡುಕಿ. ಕಣ್ಣು ಕೆಂಪಾದರೆ ಉಜ್ಜಬೇಡಿ, ಕಂಡವರ ಡ್ರಾಪ್ಸ್ ಹಾಕಬೇಡಿ, ಆರೋಗ್ಯ ಕೇಂದ್ರಕ್ಕೆ ಹೋಗಿ. ಸೋಪು ಹಚ್ಚಿ ಕೈ ತೊಳೆಯಿರಿ. ಕೆಂಗಣ್ಣಾದವರನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋಗಬೇಡಿ. ಧೈರ್ಯವಾಗಿ ನೋಡಿ, ಮಾತಾಡಿಸಿ. ಅವರ ಟವೆಲು ಮಾತ್ರ ಅವರಿಗೇ ಇರಲಿ.